ಮಾಸ್ತರು ಎರಡು ಸಲ ತಟ್ಟಿದ್ದು

ಅವರ ಬಲಗೈಯ ಹೆಬ್ಬೆರಳು ಬುಡದಲ್ಲೇ ಹೊರಕ್ಕೆ ತಿರುಗಿಕೊಂಡಿತ್ತು. ಎಂದೋ ವಾಲಿಬಾಲ್ ಆಡುವಾಗ ಮುರಿದದ್ದು, ವೈದ್ಯರಿಗೆ ತೋರಿಸದೆ ತನ್ನಷ್ಟಕ್ಕೆ ಕೂಡಿಕೊಂಡದ್ದು. ಅದರಿಂದಾಗಿ ಮೊದಲೇ ದೊಡ್ಡದಾಗಿದ್ದ ಅಂಗೈ ಇನ್ನೂ ಅಗಲವಾಗಿ ಕಾಣುತ್ತಿತ್ತು. ಆ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಗೇಟಿನ ಮೇಲೆ ಇಟ್ಟಿದ್ದ ಆ ಕೈ. ವಾಕಿಂಗ್ ಮುಗಿಸಿ ಬಂದಿದ್ದಾರೆ, ಒಂದು ಗಳಿಗೆ ನಿಂತಿದ್ದಾರೆ ಅಂದುಕೊಂಡೆ. ನಾನು ಕ್ಯಾರಿಯರ್‌ಗೆ ಊಟ ತುಂಬುತ್ತಿದ್ದೆ. ಕೆಳಗಿನ ಡಬ್ಬಿಗೆ ಅನ್ನ, ನಡುವಿನದಕ್ಕೆ ಹುರುಳಿಕಾಯಿ ಪಲ್ಯ, ಮೇಲಿನದಕ್ಕೆ ಬಿಸಿ ಸಾರು. ಆರ್.ಟಿ. ನಗರದಲ್ಲಿ ಅಣ್ಣನ ಮನೆಯಲ್ಲಿದ್ದ ನನ್ನ ತಾಯಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಬಾಯಿ ಕೆಟ್ಟುಹೋಗಿದೆ, ನಿನ್ನ ಕೈ ಸಾರೇ ಬೇಕು ಅಂದಿದ್ದರು. ಹಾಗಾಗಿ ಯಲಹಂಕದಿಂದ ದಿನಾ ನನ್ನ ಸವಾರಿ.

ಗೇಟಿನ ಹತ್ತಿರ ನಿಂತಿದ್ದವರು ಎದುರು ಮನೆಯ ಡ್ರಿಲ್ ಮಾಸ್ತರು. ಗದಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿ, ನಿವೃತ್ತರಾಗಿ, ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಮಗಳ ಮನೆಗೆ ಬಂದವರು. ಅವರ ಮಗಳು 'ಮಾಸ್ತರು' ಅಂತಲೇ ತಂದೆಯನ್ನು ಪರಿಚಯಿಸಿದ್ದರಿಂದ 'ಮೇಷ್ಟ್ರು' ಅನ್ನುವ ನಮ್ಮ ಬೀದಿಯ ಬಾಯಿಗಳಲ್ಲೆಲ್ಲ ಅವರು ಮಾಸ್ತರೇ ಆದರು. ಬಿಳಿ ಕ್ಯಾನ್ವಾಸ್ ಶೂ ಅವರ ಗುರುತು. ಭಾನುವಾರ ಸಂಜೆ ಅದನ್ನು ತೊಳೆದು, ನೀರಲ್ಲಿ ಕಲಸಿದ ಸೀಮೆಸುಣ್ಣ ಬಳಿದು ಮೆಟ್ಟಿಲ ಮೇಲೆ ಒಣಗಲು ಇಡುತ್ತಿದ್ದರು. ಸೋಮವಾರ ಬೆಳಿಗ್ಗೆ ಅವರು ನಡೆದಲ್ಲೆಲ್ಲ ಸಣ್ಣಗೆ ಬಿಳಿ ಪುಡಿ ಉದುರುತ್ತಿತ್ತು. ನಮ್ಮ ಮನೆಯ ರಂಗೋಲಿಯ ಪಕ್ಕ ಅರ್ಧ ಹೆಜ್ಜೆ ಕಂಡರೆ ಮಾಸ್ತರು ಬಂದುಹೋದರು ಅಂತ ಅರ್ಥ.

ಅವರು ಬರುತ್ತಿದ್ದುದು ನನ್ನ ಕಾರಿಗಾಗಿ. ನಮ್ಮ ಮನೆಯ ಮುಂದಿನ ಇಳಿಜಾರು ಸ್ವಲ್ಪ ಕಡಿದು. ಕಾರು ಒಳಗೆ ಮೂತಿಯಿಟ್ಟು ನಿಂತಿರುತ್ತದೆ, ಹಿಮ್ಮುಖವಾಗಿಯೇ ಬೀದಿಗೆ ಇಳಿಸಬೇಕು. ನಾನು ಡ್ರೈವಿಂಗ್ ಕಲಿತದ್ದೇ ತಡವಾಗಿ. ಹಳೆಯ ಕಾರನ್ನು ಮೊದಲ ಸಲ ಒಬ್ಬಳೇ ಹೊರಗೆ ತೆಗೆಯಲು ಹೋದ ದಿನ ಅರ್ಧಕ್ಕೆ ನಿಲ್ಲಿಸಿ, ಮುಂದೂ ಹೋಗಲಾರದೆ ಹಿಂದೂ ಬರಲಾರದೆ ಬೆವರುತ್ತಿದ್ದಾಗ ಎದುರು ಮನೆಯಿಂದ ಒಂದು ಗಂಟಲು ಕೇಳಿಸಿತು. ಮೈದಾನದ ಆ ತುದಿಗೂ ಮುಟ್ಟುವಂಥ ಗಂಟಲು.

“ಬರ್ರಿ ಅಕ್ಕಾರ, ಬರ್ರಿ. ಬರ್ರಿ. ಇನ್ನೂ ಬರ್ರಿ.” ಆಮೇಲೆ ಡಿಕ್ಕಿಯ ಮೇಲೆ ಎರಡು ಸಲ ಅಂಗೈಯಿಂದ ತಟ್ಟಿದರು. ನಾನು ನಿಲ್ಲಿಸಿದೆ. ಅಂದಿನಿಂದ ಅದೇ ನಮ್ಮ ಒಪ್ಪಂದ. ಎರಡು ತಟ್ಟು ಅಂದರೆ ಅಲ್ಲೇ ನಿಲ್ಲು.

ಹಾಗಂತ ಮಾಸ್ತರು ಕಾರು ಬಲ್ಲವರಲ್ಲ. ಸೈಕಲ್ ಬಿಟ್ಟು ಬೇರೇನನ್ನೂ ಅವರು ಓಡಿಸಿರಲಿಲ್ಲ. ಎಡ ಅನ್ನುವ ಕಡೆ ಬಲ ಅನ್ನುತ್ತಿದ್ದರು. ಒಮ್ಮೆ ಅವರ ಮಾತು ಕೇಳಿಯೇ ಪಕ್ಕದ ಮನೆಯ ಕಾಂಪೌಂಡಿಗೆ ಕನ್ನಡಿ ಉಜ್ಜಿದೆ. ಇಳಿದು ನೋಡಿದರೆ ಅವರು ಗೋಡೆಯನ್ನೇ ದಿಟ್ಟಿಸುತ್ತ, ಇದು ಇಷ್ಟ ಮುಂದ ಯಾಕ ಬಂದೈತಿ ಅಂತ ಗೊಣಗುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಆದರೆ ಒಂದು ಮಾತನ್ನು ಮಾತ್ರ ಅವರು ದಿನವೂ ಹೇಳುತ್ತಿದ್ದರು, ಅದರಲ್ಲಿ ತಪ್ಪಿರಲಿಲ್ಲ: “ಹೊಳ್ಳಿ ನೋಡ್ರಿ ಅಕ್ಕಾರ.” 'ಹಿಂತಿರುಗಿ ನೋಡಿ' ಅನ್ನಲು ಅವರ ಊರ ಕಡೆ ಹಾಗನ್ನುತ್ತಾರೆ. ನಾನು ಕತ್ತು ತಿರುಗಿಸಿ ಅವರ ಮುಖ ಕಾಣುವವರೆಗೆ ಅವರು 'ಬರ್ರಿ' ಅನ್ನುತ್ತಿರಲಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಬೀದಿಯಲ್ಲಿ ಜೋರಾಗಿ ಮಾತಾಡಬಾರದು, ಜನ ತಿರುಗಿ ನೋಡುವಂತೆ ನಡೆದುಕೊಳ್ಳಬಾರದು ಎಂದು ಸಿಸ್ಟರುಗಳು ಕಲಿಸಿದ್ದು ಈ ವಯಸ್ಸಿನಲ್ಲೂ ಮೈಗಂಟಿದೆ. ಮಾಸ್ತರ ಕೂಗಿಗೆ ಮಹಡಿಗಳ ಕಿಟಕಿ ತೆರೆದುಕೊಳ್ಳುವಾಗ ನಾನು ನಾಚಿ ಹಿಡಿಯಷ್ಟಾಗುತ್ತಿದ್ದೆ. ಬಾಯಲ್ಲಿ ಥ್ಯಾಂಕ್ಸ್ ಮಾಸ್ತರೇ ಅನ್ನುತ್ತಿದ್ದೆ, ಮನಸ್ಸಿನಲ್ಲಿ ಇವರಿಲ್ಲದೆ ಒಂದು ದಿನ ಹೊರಗೆ ಹೋಗುವಂತಾದರೆ ಸಾಕು ಅನ್ನುತ್ತಿದ್ದೆ.

ಆ ದಿನ ಬಂತು. ಹೊಸ ಕಾರು ಬಂತು. ಹಿಂದೆ ಕ್ಯಾಮರಾ, ಬಂಪರಿನಲ್ಲಿ ನಾಲ್ಕು ಗುಂಡು ಸೆನ್ಸರುಗಳು, ಕನ್ನಡಿಯಲ್ಲಿ ಹಳದಿ ದೀಪ. ಹತ್ತಿರ ಏನಾದರೂ ಬಂದರೆ ಹೊರಗೂ ಕೇಳುವಂತೆ ಟೀ ಟೀ ಅನ್ನುತ್ತದೆ, ತೀರಾ ಹತ್ತಿರವಾದರೆ ಉಸಿರು ಬಿಡದೆ ಒಂದೇ ಸಮನೆ ಕಿರುಚುತ್ತದೆ. ಮಾಸ್ತರನ್ನು ಕರೆದು ಪರದೆ ತೋರಿಸಿದೆ. ಇದರ ಕಣ್ಣು ಎಲ್ಲೈತ್ರಿ ಅಂತ ಕೇಳಿದರು. ಡಿಕ್ಕಿಯ ಹಿಡಿಯ ಕೆಳಗಿದ್ದ, ಶರ್ಟಿನ ಗುಂಡಿಯಷ್ಟೇ ಚಿಕ್ಕ ಗಾಜನ್ನು ತೋರಿಸಿದೆ. ಬಗ್ಗಿ ಅದರ ಮುಂದೆ ಕೈಯಾಡಿಸಿದರು. ಮಕ್ಕಳಂತೆ ಖುಷಿಪಟ್ಟರು. ಆಗ ನಾನು, ನನಗೆ ಸಾಧ್ಯವಿದ್ದಷ್ಟು ಮೆತ್ತಗೆ, ಇನ್ನು ನೀವು ದಿನಾ ಬಿಸಿಲಲ್ಲಿ ನಿಂತ್ಕೊಳ್ಳೋದು ಬೇಡ ಮಾಸ್ತರೇ, ಇದೇ ಎಲ್ಲಾ ಹೇಳತ್ತೆ ಅಂದೆ.

“ಹಂಗಾದ್ರ ನಾ ರಿಟೈರ್ ಆದಂಗಾತು ಮತ್ತೊಮ್ಮೆ” ಅಂದು ನಕ್ಕರು. ಮರುದಿನವೂ ಬಂದರು. ಕೂಗಲಿಲ್ಲ, ತಟ್ಟಲಿಲ್ಲ. ಗೇಟಿನ ಪಕ್ಕ ಕೈಕಟ್ಟಿ ನಿಂತು, ಕಾರು ಬೀದಿಗಿಳಿದ ಮೇಲೆ ತಲೆಯಾಡಿಸಿ ಒಳಗೆ ಹೋದರು.

ಕಾರಿನ ಮೇಲೆ ಗೂಬೆ ಕೂರಿಸಲು ನಾನು ಇದನ್ನು ಬರೆಯುತ್ತಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಒಮ್ಮೆ ಎಡಕ್ಕೆ ಸರಿಯಲಿದ್ದಾಗ ಕನ್ನಡಿಯ ಹಳದಿ ದೀಪ ಹೊತ್ತಿಕೊಂಡಿತು. ನನಗೆ ಕಾಣದ ಮೂಲೆಯಲ್ಲಿ ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡ ಒಬ್ಬ ಹೆಂಗಸಿದ್ದಳು. ಆ ದೀಪವಿಲ್ಲದಿದ್ದರೆ ನಾನು ಅವರಿಬ್ಬರಿಗೂ ಗುದ್ದುತ್ತಿದ್ದೆ. ಬದಲಾದದ್ದು ಕಾರಲ್ಲ, ನಾನು. ಮಾಸ್ತರು ಹಿಂದೆ ನಿಂತಿದ್ದ ಕಾಲದಲ್ಲಿ ನಾನು ಹೊರಳಿ ನೋಡುತ್ತಿದ್ದೆ. ಈಗ ಮುಂದಕ್ಕೇ ಮುಖ ಮಾಡಿಕೊಂಡು, ಟೀ ಟೀ ಕೇಳುತ್ತದೆಯೋ ಇಲ್ಲವೋ ಎಂದು ಕಿವಿಯಷ್ಟನ್ನೇ ಹಿಂದಕ್ಕೆ ಕಳಿಸುತ್ತಿದ್ದೆ. ಕೇಳದಿದ್ದರೆ ದಾರಿ ಖಾಲಿ ಇದೆ ಅಂತಲೇ ಅರ್ಥ.

ಆ ವರ್ಷ ಆಯುಧಪೂಜೆಗೆ ಹೊಸ ಕಾರಿಗೆ ನಾನೇ ಅಲಂಕಾರ ಮಾಡಿದೆ. ಗಂಧ ತೇದು, ಅದರ ಮೇಲೆ ಕುಂಕುಮವಿಟ್ಟೆ. ಬಂಪರಿನ ಆ ನಾಲ್ಕು ಗುಂಡುಗಳು ಬೊಟ್ಟಿಡಲೆಂದೇ ಮಾಡಿಸಿದಂತಿದ್ದವು, ಒಂದೊಂದಕ್ಕೂ ಇಟ್ಟೆ. ಕ್ಯಾಮರಾದ ಕಣ್ಣಿಗೂ ಒಂದು. ಹಿಂದೆ ಚೆಂಡುಹೂವಿನ ಹಾರ ಇಳಿಬಿಟ್ಟೆ, ಬಾಳೆಕಂದು ಕಟ್ಟಿದೆ. ನಿಂಬೆಹಣ್ಣು ಚಕ್ರದಡಿ ಇಟ್ಟು ಕಾರನ್ನು ಒಂದಿಷ್ಟು ಹಿಂದೆ ತೆಗೆದರೆ, ಹಾರವನ್ನೂ ಕಂದನ್ನೂ ಗೋಡೆಯೆಂದು ತಿಳಿದು ಕಾರು ಒಂದೇ ಸಮನೆ ಕಿರುಚಿತು. ಮಂಗಳಾರತಿಯ ಹೊತ್ತಿಗೆ ಆ ಕಿರುಚಾಟ ಬೇಡವೆಂದು ಪರದೆಯಲ್ಲಿ ಹುಡುಕಿ ಅದರ ಸದ್ದು ನಿಲ್ಲಿಸಿದೆ. ಹೂವು ಬಾಡಿದ ಮೇಲೆ ಹಾರ, ಕಂದು ಎರಡನ್ನೂ ತೆಗೆದುಹಾಕಿದೆ. ಬೊಟ್ಟು ಮಾತ್ರ ಹಾಗೇ ಬಿಟ್ಟೆ. ಪೂಜೆಗೆ ಇಟ್ಟದ್ದನ್ನು ಕೈಯಾರೆ ಒರೆಸಬಾರದು, ತಾನಾಗಿ ಹೋಗಬೇಕು ಅನ್ನುವುದು ನಮ್ಮಮ್ಮನ ಕಟ್ಟು. ಪರದೆಯಲ್ಲಿ ಬೀದಿ ಕೆಂಪು ಮಂಜಿನಂತೆ ಕಾಣುತ್ತಿತ್ತು. ಇರಲಿ, ಹೇಗೂ ನಾನು ನೋಡುವುದಕ್ಕಿಂತ ಕೇಳುವುದೇ ಹೆಚ್ಚಲ್ಲವೇ ಅಂದುಕೊಂಡೆ. ಕೇಳುವುದನ್ನೂ ನಾನೇ ನಿಲ್ಲಿಸಿದ್ದೇನೆ ಎಂಬುದು ಪೂರ್ತಿ ಮರೆತುಹೋಗಿತ್ತು.

ಆ ಬೆಳಿಗ್ಗೆ ಕ್ಯಾರಿಯರ್ ಹಿಡಿದು ಪಕ್ಕದ ಬಾಗಿಲಿನಿಂದ ಹೊರಬಂದು, ಅದನ್ನು ಪಕ್ಕದ ಸೀಟಿನಲ್ಲಿಟ್ಟು, ಕಾರು ಶುರು ಮಾಡಿದೆ. ಇಳಿಜಾರಿಗೆ ಕ್ಯಾರಿಯರ್ ವಾಲಿತು. ಸಾರು ಚೆಲ್ಲೀತೆಂದು ಎಡಗೈಯಿಂದ ಒತ್ತಿ ಹಿಡಿದೆ. ಕಣ್ಣು ಡಬ್ಬಿಯ ಮೇಲೆ. ಟೀ ಟೀ ಇಲ್ಲ. ಹಿಂದಕ್ಕೆ ಬಿಟ್ಟೆ.

ಡಿಕ್ಕಿಯ ಮೇಲೆ ಎರಡು ತಟ್ಟು ಕೇಳಿಸಿತು.

ಕೇಳಿಸಿತು. ಈ ಒಂದು ಮಾತಿಗಾಗಿಯೇ ನಾನು ಇಷ್ಟೆಲ್ಲ ಬರೆದದ್ದು. ಗಾಜು ಏರಿಸಿದ್ದೆ, ಆದರೂ ಸ್ಪಷ್ಟವಾಗಿ ಕೇಳಿಸಿತು. ಅದು ಯಾರ ಕೈಯೆಂದೂ ಗೊತ್ತಾಯಿತು. ಗೊತ್ತಾದ ಮರುಕ್ಷಣ ನನ್ನೊಳಗೆ ಬಂದದ್ದು ಬೇಸರ. ಬೇಡವೆಂದರೂ ಮತ್ತೆ ಶುರು ಮಾಡಿದರಲ್ಲ, ಕಾರೇ ಸುಮ್ಮನಿರುವಾಗ ಇವರದೇನು ಅಂದುಕೊಂಡೆ. ಬ್ರೇಕ್ ಒತ್ತಲಿಲ್ಲ. ಆಮೇಲೆ ಮೆತ್ತಗಿನ ಏನೋ ತಗುಲಿದಂತಾಯಿತು. ಆಗ ಒತ್ತಿದೆ. ಸಾರು ಸೀಟಿನ ತುಂಬ ಚೆಲ್ಲಿತು.

ಮಾಸ್ತರು ಇಳಿಜಾರಿನ ಮೇಲೆ ಪಕ್ಕಕ್ಕೆ ಬಿದ್ದಿದ್ದರು. ಬಲಗೈ ಮೈಯ ಕೆಳಗೆ ಸಿಕ್ಕಿಕೊಂಡಿತ್ತು. ಎಡಗೈಯಲ್ಲಿ ಅವರ ಹೆಗಲ ಟವೆಲು, ಅದರ ತುದಿಯಲ್ಲಿ ಗಂಧ, ಕುಂಕುಮ. ಕ್ಯಾಮರಾದ ಕಣ್ಣು ಅರ್ಧ ಸ್ವಚ್ಛವಾಗಿತ್ತು. ಅಮ್ಮನ ಕಟ್ಟು ಅವರಿಗೇನು ಗೊತ್ತು. ಕಣ್ಣಿಗೆ ಏನೋ ಮೆತ್ತಿಕೊಂಡಿದೆ, ಅಕ್ಕಾರ ಬರುವುದರೊಳಗೆ ಒರೆಸಿಬಿಡೋಣ ಅಂದುಕೊಂಡಿದ್ದರು, ಅಷ್ಟೇ.

ಮಗಳು ಓಡಿಬಂದಳು. ಬಗ್ಗಿ ಎಬ್ಬಿಸುತ್ತಲೇ ಬೈದಳು. “ಎಷ್ಟ ಸಲ ಹೇಳೇನಿ ಅಪ್ಪಾ, ಗಾಡಿ ಹಿಂದ ನಿಂದ್ರಬ್ಯಾಡ್ರಿ ಅಂತ? ಅವರ ಕಾರಿಗೆ ಎಲ್ಲಾ ಐತಿ, ನಿಮಗ್ಯಾಕ ಬೇಕು?” ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ತರೇ, ಅಕ್ಕಾರದೇನೂ ತಪ್ಪಿಲ್ಲ, ನಾನ ಅಡ್ಡ ಬಂದೆ ಅಂದುಬಿಟ್ಟರು. ಬೀದಿಯವರೆಲ್ಲ ಸೇರಿದ್ದರು. ಎಲ್ಲರಿಗೂ ಅದು ಸರಿಯಾಗಿಯೇ ಕೇಳಿಸಿತು. ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ.

ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಾರಿನ ವಾಸನೆಯ ನಡುವೆ ಕೂತು ಅವರು ದಾರಿಯುದ್ದಕ್ಕೂ, ನಿಮ್ಮ ತಾಯಾರ ಊಟ ತಪ್ಪಿತಲ್ರಿ ಅಂತ ಪೇಚಾಡಿಕೊಂಡರು. ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿದ ಮೇಲೆ ಮಗಳು ಔಷಧಿ ತರಲು ಹೋದಳು. ನಾವಿಬ್ಬರೇ ಉಳಿದೆವು. ಅವರು ನನ್ನನ್ನು ನೋಡದೆ, ಬೂದಿ ಬಣ್ಣದ ನೆಲ ನೋಡುತ್ತ ಮೆಲ್ಲಗೆ ಕೇಳಿದರು.

“ನಾ ಬಡದದ್ದು ಕೇಳ್ಸಲಿಲ್ಲೇನ್ರಿ ಅಕ್ಕಾರ?”

ಅದರಲ್ಲಿ ದೂರಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದರು, ಅಷ್ಟೇ. ಶಾಲೆಯಲ್ಲಿ ನಮ್ಮ ಸಿಸ್ಟರ್, ಸುಳ್ಳು ಹೇಳುವ ಮೊದಲು ನಾಲಿಗೆ ಒಣಗುತ್ತದೆ, ಅದೇ ದೇವರು ಕೊಡುವ ಕೊನೆಯ ಸಮಯ ಅನ್ನುತ್ತಿದ್ದರು. ನನ್ನ ನಾಲಿಗೆ ಒಣಗಿತು. ಸಮಯವೂ ಇತ್ತು.

“ಇಲ್ಲ ಮಾಸ್ತರೇ, ಕೇಳಿಸಲಿಲ್ಲ.”

ಅವರು ತಲೆಯಾಡಿಸಿದರು. ಗಾಜು ಏರಿಸಿದ್ದಿರಲ್ಲ ಅಂತ ನನ್ನ ಪರವಾಗಿ ತಾವೇ ಒಂದು ಕಾರಣ ಕೊಟ್ಟರು. ಆಮೇಲೆ ಪ್ಲಾಸ್ಟರಿನಿಂದ ಹೊರಗೆ ಚಾಚಿದ್ದ ಆ ತಿರುಚಿದ ಹೆಬ್ಬೆರಳನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡು, “ಕೈಯಾಗ ಮೊದಲಿನ ಜೋರಿಲ್ಲ ಬಿಡ್ರಿ” ಅಂದರು.

ಆ ಮಾತನ್ನು ಅವರು ನಂಬಿದರು. ಅದೇ ನಾನು ಮಾಡಿದ್ದು. ಮೂಳೆ ಕೂಡಿತು, ಪ್ಲಾಸ್ಟರ್ ಬಿಚ್ಚಿದರು, ಬಿಳಿ ಶೂ ಮತ್ತೆ ಮೆಟ್ಟಿಲ ಮೇಲೆ ಒಣಗಿತು. ಆದರೆ ಮಾಸ್ತರು ಗೇಟು ದಾಟಿ ಈಚೆಗೆ ಬರಲಿಲ್ಲ. ಮಗಳು ಬೇಡವೆಂದಿದ್ದಳು ಅನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ತಮ್ಮ ಕೈಯ ಸದ್ದು ಇನ್ನು ಯಾರಿಗೂ ಮುಟ್ಟುವುದಿಲ್ಲ ಅಂತ ಅವರು ತೀರ್ಮಾನಿಸಿಬಿಟ್ಟಿದ್ದರು. ಮಕ್ಕಳ ಕ್ರಿಕೆಟ್ ಚೆಂಡು ಅಂಗಳಕ್ಕೆ ಬಂದರೆ ಎತ್ತಿ ಎಸೆಯುತ್ತಿದ್ದವರು ಈಗ ಕಾಲಿನಿಂದ ತಳ್ಳುತ್ತಿದ್ದರು. ಮಹಡಿಯ ಬಾಲ್ಕನಿಯಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನನ್ನ ಕಾರು ಬೀದಿಗೆ ಇಳಿಯುವುದನ್ನು ನೋಡುತ್ತಿದ್ದರು. ನಾನೀಗ ಕತ್ತು ತಿರುಗಿಸಿ ನೋಡುತ್ತಿದ್ದೆ, ಪ್ರತಿ ಸಲ. ಹಾಗೆ ಹೊರಳಿದಾಗ ಹಿಂಗಾಜಿನ ಮೇಲ್ತುದಿಯಲ್ಲಿ ಅವರು ಕಾಣುತ್ತಿದ್ದರು.

ಹೋಗಿ ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಒಮ್ಮೆ ಚಕ್ಕುಲಿ ಡಬ್ಬಿ ಹಿಡಿದುಕೊಂಡು ಅವರ ಮೆಟ್ಟಿಲವರೆಗೂ ಹೋಗಿ, ಚಕ್ಕುಲಿ ಕೊಟ್ಟು ಬಂದೆ. ಕೇಳಿಸಿತ್ತು ಮಾಸ್ತರೇ, ಚೆನ್ನಾಗಿಯೇ ಕೇಳಿಸಿತ್ತು. ಇಷ್ಟು ಹೇಳಿದ್ದರೆ ಅವರ ಕೈ ಅವರಿಗೆ ಮರಳಿ ಸಿಗುತ್ತಿತ್ತು. ನಾನು ಒಳ್ಳೆಯವಳೆಂಬ ಹೆಸರೊಂದು ಹೋಗುತ್ತಿತ್ತು, ಅಷ್ಟೇ. ಕಳೆದ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಮಲಗಿಸಿದ್ದ ಜಗಲಿಯ ಹತ್ತಿರ ಎಲ್ಲರೂ ಕಾಲು ಮುಟ್ಟಿ ನಮಸ್ಕರಿಸಿದರು. ನಾನು ಆ ಬಲಗೈಯನ್ನು ಮುಟ್ಟಿದೆ.

ಆದರೆ ನಾಚಿಕೆ ಎಂದರೆ ನನಗೆ ನೆನಪಾಗುವುದು ಆ ಸಾವಿನ ದಿನವಲ್ಲ, ಆಸ್ಪತ್ರೆಯಿಂದ ಮರಳಿದ ಆ ಸಂಜೆ. ಬಕೆಟ್ಟು, ಹಳೆ ಬಟ್ಟೆ ಹಿಡಿದು ನಾನು ಸೀಟಿನ ಸಾರು ಒರೆಸುತ್ತಿದ್ದೆ. ಅಮ್ಮನ ಕಟ್ಟು ಮುರಿದು ಬಂಪರಿನ ಬೊಟ್ಟುಗಳನ್ನೂ ಒರೆಸಿ, ನಾನೇ ನಿಲ್ಲಿಸಿದ್ದ ಟೀ ಟೀ ಸದ್ದನ್ನು ಯಾರಿಗೂ ತಿಳಿಯದಂತೆ ಮತ್ತೆ ಆನ್ ಮಾಡಿಟ್ಟಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಕರಿಬೇವು ಕೀಳುತ್ತಿದ್ದರು. ಮಾಸ್ತರು ಹೇಗಿದ್ದಾರೆ ಅಂತ ವಿಚಾರಿಸಿದರು. ಹೇಳಿದೆ. ಒಂದು ಎಸಳು ನನ್ನತ್ತಲೂ ಚಾಚಿ, ಎಲೆ ಬಿಡಿಸುತ್ತಲೇ ಅಂದರು:

“ನಿಮ್ಮ ಕಾರು ಹಿಂದೆ ಬಂದ್ರೆ ನಮ್ಮ ಅಡುಗೆಮನೆಗೂ ಟೀ ಟೀ ಕೇಳಿಸತ್ತೆ ಕಣ್ರೀ. ಪಕ್ಕದಲ್ಲೇ ಇದ್ರೂ ಅವರಿಗೆ ಕೇಳಿಸ್ಲಿಲ್ಲ ಅಂದ್ರೆ, ಪಾಪ, ಕಿವಿ ಮಂದ ಆಗಿರ್ಬೇಕು.”