ಕಣ್ಣಿಂದ ಹಣಿಗೆಗೆ ಎಷ್ಟು ದೂರ?

ಸಿರುಮುಗೈಯ ನೇಕಾರರ ಕಣ್ಣಿನ ತೊಂದರೆ ಕಡತದಲ್ಲಿ ಮಾತ್ರ ಗುಣವಾಗಿದೆ. ಗುಣವಾಯಿತೆಂದು ಬರೆದು ಮುದ್ರೆ ಒತ್ತಿದವರು ಒಂದು ಸರ್ಕಾರಿ ಕಚೇರಿಯಲ್ಲಿದ್ದಾರೆ. ಆ ಕಚೇರಿಯ ಹೆಸರನ್ನು ನಾನು ಬರೆಯುವುದಿಲ್ಲ. (ಅವರಿಗೆ ಅದು ಗೊತ್ತು.) ನನ್ನ ಆರೋಪ ಒಂದೇ: ನೇಕಾರರಿಗೆ ಕನ್ನಡಕ ಕೊಡಲು ಬಂದವರು ಒಂದೇ ಒಂದು ಮಗ್ಗವನ್ನೂ ನೋಡದೆ ಹಿಂತಿರುಗಿದರು.

ಇದು ನನಗೆ ತಿಳಿದದ್ದು ಸೀರೆ ಕೊಳ್ಳಲು ಹೋದಾಗ.

ಕೊಯಮತ್ತೂರಿಗೆ ಬಂದು ಎರಡು ವರ್ಷವಾಯಿತು. ತಂಗಿಯ ಮದುವೆಗೆ ರೇಷ್ಮೆ ಸೀರೆ ಬೇಕಿತ್ತು. ಅಂಗಡಿಯ ಬದಲು ಮಗ್ಗದ ಮನೆಯಲ್ಲೇ ನೋಡೋಣವೆಂದು ಒಂದು ಶನಿವಾರ ಬೆಳಿಗ್ಗೆ ಮೆಟ್ಟುಪಾಳ್ಯಂ ಬಸ್ಸು ಹಿಡಿದು, ಅಲ್ಲಿಂದ ಸಿರುಮುಗೈಗೆ ಹೋದೆ. ಪರಿಚಿತರೊಬ್ಬರು ಹೇಳಿದ ಮನೆ ನಂಜಮ್ಮ ಎಂಬುವರದು. ಐವತ್ತು ದಾಟಿದ ನೇಕಾರ್ತಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದು ಬರುವುದು ತಮಿಳಿನಲ್ಲಿ ಮಾತ್ರ. (ಈ ಅಂಕಣವನ್ನು ನಾನೇ ಹೋಗಿ ಅವರಿಗೆ ಓದಿ ಹೇಳಬೇಕು.)

ನಂಜಮ್ಮ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು. ನನ್ನ ಕಣ್ಣು ಸೀರೆಯ ಮೇಲೆ ನಿಲ್ಲಲಿಲ್ಲ. ಅವರ ಮೂಗಿನ ಮೇಲೊಂದು ಕನ್ನಡಕ, ಮಗ್ಗದ ಗೂಟದಲ್ಲಿ ಇನ್ನೊಂದು. ಮೂಗಿನ ಮೇಲಿದ್ದುದರ ಕಡ್ಡಿಗೆ ಕೆಂಪು ನೂಲಿನ ತುಂಡೊಂದನ್ನು ಗಂಟು ಹಾಕಿದ್ದರು.

"ಎರಡು ಯಾಕಮ್ಮ?" ಎಂದೆ.

"ಗೂಟದಲ್ಲಿರೋದು ಗೌರ್ಮೆಂಟು ಕಣ್ಣಾಡಿ. ಕಲ್ಯಾಣಕ್ಕೆ ಹೋಗುವಾಗ ಹಾಕ್ಕೊತೀನಿ. ನಂಜಮ್ಮ ಓದಿದವಳು ಅಂತ ನಾಲ್ಕು ಜನ ನೆನಸ್ಕೊಳ್ಳಲಿ ಅಂತ."

"ಹಾಕಿಕೊಂಡಿರೋದು?"

"ಇದು ಟೀಚರಮ್ಮ ಕೊಟ್ಟಿದ್ದು. ಇದ್ರಲ್ಲಿ ನೂಲು ಕಾಣ್ತದೆ."

ಹಾಗಾದರೆ ಸರ್ಕಾರದ ಕನ್ನಡಕದಲ್ಲಿ ಏನು ಕಾಣುತ್ತಿತ್ತು? ಸೀರೆಯನ್ನು ಮರೆತೆ. ಗುಂಡಿಯ ಅಂಚಿನಲ್ಲಿ ಕೂತು ಕೇಳಿದೆ.

ಕಳೆದ ಬೇಸಗೆಯಲ್ಲಿ ಹೊಳೆಯ ದಾರಿಯ ಸಣ್ಣ ಚರ್ಚಿನ ಹಾಲ್‌ನಲ್ಲಿ ನೇಕಾರರಿಗಾಗಿ ಕಣ್ಣಿನ ಶಿಬಿರ ನಡೆದಿತ್ತು. ಪರೀಕ್ಷೆ, ಕನ್ನಡಕ ಕಚೇರಿಯದು. ಜಾಗ, ಬೆಂಚು, ಟೀ ಚರ್ಚಿನದು. ಒಬ್ಬೊಬ್ಬರ ಕೈಗೂ ತಮಿಳಿನಲ್ಲಿ ಅಚ್ಚಾದ ಒಂದು ಕಾರ್ಡು ಕೊಟ್ಟು ಓದಿಸಿದರು. ಹೊಸ ಗಾಜಿನಲ್ಲಿ ನಂಜಮ್ಮ ಕಡೆಯ ಸಾಲಿನವರೆಗೂ ತಡೆಯಿಲ್ಲದೆ ಓದಿದರು. ಚಪ್ಪಾಳೆ ಬಿತ್ತು, ಫೋಟೋ ತೆಗೆದರು.

ಮನೆಗೆ ಬಂದು ಮಗ್ಗಕ್ಕೆ ಇಳಿದರೆ, ಅವರದೇ ಮಾತಿನಲ್ಲಿ, "ಹಣಿಗೆ ಇರೋ ಜಾಗದಲ್ಲಿ ಹೊಗೆ ಇಟ್ಟಂಗಿತ್ತು." ಹಣಿಗೆಯೆಂದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ, ಬಾಚಣಿಗೆಯಂಥ ಪಟ್ಟಿ. ನೇಕಾರರ ನೋಟವೆಲ್ಲ ಅಲ್ಲೇ. ಅವರು ಕನ್ನಡಕವನ್ನು ಗೂಟಕ್ಕೆ ಹಾಕಿ, ಬೆರಳಿನಿಂದ ತಡವಿ ನೇಯತೊಡಗಿದರು. ಕಡಿದ ಎಳೆ ಬೆರಳಿಗೆ ಸಿಗುತ್ತದೆ. ಬಣ್ಣ ಸಿಗುತ್ತದೆಯೇ? ಅಂಚಿನ ಕಂದು ಎಳೆಯ ಜಾಗದಲ್ಲಿ ಕಡುಗೆಂಪು ಸೇರಿತು. ಒಂದು ಸೀರೆಯಲ್ಲಿ ಹೀಗಾಯಿತು. ಮುಂದಿನದರಲ್ಲೂ ಆಯಿತು.

ರೇಷ್ಮೆ ಕೊಟ್ಟು ನೇಯಿಸುವ ಮೊದಲಾಳಿ ಸೀರೆ ಬಿಡಿಸಿ ನೋಡಿ ಹೇಳಿದನಂತೆ: "ಇನ್ನೊಂದು ತಪ್ಪು ಬಿದ್ರೆ ಪಾವು ಎದುರು ಮನೆಗೆ ಹೋಗ್ತದೆ ನಂಜಮ್ಮ."

ಪಾವು ಅಂದರೆ ಹಾಸು, ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲು. ಅದನ್ನು ಬಿಚ್ಚಿಕೊಂಡು ಹೋದರೆ ಉಳಿಯುವುದು ಒಂದಿಷ್ಟು ಮರ, ಒಂದು ಗುಂಡಿ. ಹತ್ತನೆಯ ವಯಸ್ಸಿನಿಂದ ಆ ಗುಂಡಿಯಲ್ಲಿ ಕೂತವರು ಎದ್ದು ಎಲ್ಲಿಗೆ ಹೋಗಬೇಕು?

ಟೀಚರಮ್ಮನನ್ನು ಆ ಮಧ್ಯಾಹ್ನ ಚರ್ಚಿನಲ್ಲೇ ಕಂಡೆ. ಹೆಸರು ಸ್ಟೆಲ್ಲಾ. ನಿವೃತ್ತ ಗಣಿತ ಶಿಕ್ಷಕಿ, ಚರ್ಚಿನ ಮಹಿಳಾ ಸಂಘದ ಮುಖ್ಯಸ್ಥೆ. ತಮಿಳಿನಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಮೊದಲು ನನಗೆ ಸಿಟ್ಟು ಬಂತು. ಕೊಟ್ಟಿದ್ದನ್ನ ಗೂಟಕ್ಕೆ ನೇತು ಹಾಕಿದ್ದಾಳಲ್ಲ, ಎಂಥ ಹೆಂಗಸು ಅಂತ. ಬೈದೆ ಕೂಡ. ಅವಳು, ಟೀಚರೇ, ಒಂದು ಸಲ ನೀವೇ ಇಳಿದು ಕೂತು ನೋಡಿ ಅಂದಳು. ಇಳಿದೆ. ಮೇಲೆ ಹತ್ತಿಸೋಕೆ ಇಬ್ಬರು ಬೇಕಾಯ್ತು, ಅದು ಬೇರೆ ಕಥೆ."

ಗುಂಡಿಯಲ್ಲಿ ಕೂತ ಗಣಿತದ ಟೀಚರಿಗೆ ಲೆಕ್ಕ ಹೊಳೆಯಿತು. ಕಾರ್ಡನ್ನು ನಾವು ಹಿಡಿಯುವುದು ಕಣ್ಣಿಂದ ಒಂದೂವರೆ ಗೇಣು ದೂರದಲ್ಲಿ. ಹಣಿಗೆ ಇರುವುದು ಹತ್ತಿರ ಹತ್ತಿರ ಮೂರು ಗೇಣು ದೂರದಲ್ಲಿ. ಪುಸ್ತಕವನ್ನು ಮುಖದ ಬಳಿಗೆ ತರಬಹುದು. ಮಗ್ಗವನ್ನು ತರಲಾಗುತ್ತದೆಯೇ? ಓದುವ ಕನ್ನಡಕವನ್ನು ನೇಯುವವರಿಗೆ ಕೊಟ್ಟಿದ್ದರು. ಅಷ್ಟೇ ವಿಷಯ. ಅಷ್ಟನ್ನು ಕಾಣಲು ಒಬ್ಬರು ಗುಂಡಿಗೆ ಇಳಿಯಬೇಕಾಯಿತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಅಲ್ಲೇ ಬಿದ್ದಿದ್ದ ಕೆಂಪು ರೇಷ್ಮೆಯ ನೂಲು ತೆಗೆದು, ಒಂದು ತುದಿಯನ್ನು ನಂಜಮ್ಮನ ಹುಬ್ಬಿಗೂ ಇನ್ನೊಂದನ್ನು ಹಣಿಗೆಗೂ ಹಿಡಿದು, ಅಳತೆಗೆ ಕತ್ತರಿಸಿ, ಲಕೋಟೆಯಲ್ಲಿ ಹಾಕಿ ಹೆಸರು ಬರೆದರು. ಮಾರನೆಯ ದಿನದಿಂದ ಮಹಿಳಾ ಸಂಘದವರೆಲ್ಲ ಸೇರಿ ಇಡೀ ಬೀದಿಯ ಮಗ್ಗಗಳನ್ನು ಅಳೆದರು. ಮಗ್ಗಕ್ಕೊಂದು ನೂಲು, ನೂಲಿಗೊಂದು ಲಕೋಟೆ. ಒಂದೇ ಬೀದಿ, ಆದರೂ ಎರಡು ನೂಲು ಒಂದೇ ಉದ್ದ ಇರಲಿಲ್ಲವಂತೆ.

ಮೆಟ್ಟುಪಾಳ್ಯದ ಕನ್ನಡಕದ ಅಂಗಡಿಯವರು ಲಕೋಟೆಗಳನ್ನು ಕಂಡು, "ಎಲ್ಲರೂ ಡಾಕ್ಟರ ಚೀಟಿ ತರ್ತಾರೆ, ಟೀಚರ್ ನೂಲು ತಂದಿದ್ದಾರೆ" ಎಂದು ನಕ್ಕರಂತೆ. ನಕ್ಕ ಮೇಲೆ, ಒಬ್ಬೊಬ್ಬರನ್ನೂ ಕೂರಿಸಿ, ಅವರವರ ನೂಲಿನ ದೂರಕ್ಕೆ ಗಾಜು ಕೂರಿಸಿ, ಗುರುತಿಗೆ ಆ ನೂಲಿನದೇ ತುಂಡೊಂದನ್ನು ಕಡ್ಡಿಗೆ ಗಂಟು ಹಾಕಿ ಕೊಟ್ಟರು.

ನಾನು ಸುಲಭವಾಗಿ ನಂಬುವವಳಲ್ಲ. ಇದರಿಂದ ಚರ್ಚಿಗೇನು ಲಾಭ ಎಂದು ನೇರವಾಗಿಯೇ ಕೇಳಿದೆ. ಸ್ಟೆಲ್ಲಾ ಬೇಸರಿಸಲಿಲ್ಲ. "ತಪ್ಪಿನಲ್ಲಿ ನಮ್ಮ ಪಾಲಿತ್ತು. ಹಾಲ್ ನಮ್ಮದು, ಚಪ್ಪಾಳೆ ತಟ್ಟಿದವರೂ ನಾವು" ಎಂದರು. ಮಗ್ಗಗಳನ್ನು ಅಳೆದ ಮುಂದಿನ ಭಾನುವಾರ ಪಾದ್ರಿಯವರು ಪ್ರಾರ್ಥನೆ ಮುಗಿದ ಮೇಲೆ, ಶಿಬಿರ ಯಶಸ್ವಿಯಾಯಿತೆಂದು ತಾವು ಹಿಂದೆ ಹೇಳಿದ್ದು ತಪ್ಪು ಎಂದು ಸಭೆಯ ಮುಂದೆ ಹೇಳಿದರಂತೆ. (ಯಶಸ್ಸನ್ನು ಹಿಂದಕ್ಕೆ ಪಡೆದ ಸಂಸ್ಥೆಯನ್ನು ನೀವು ಈಚೆಗೆ ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿಲ್ಲ.)

ಇದೇ ಪ್ರಶ್ನೆಯನ್ನು ನಂಜಮ್ಮನಿಗೂ ಕೇಳಿದ್ದೆ. ಅವರ ಗೋಡೆಯ ಮೇಲೆ ಚೌಡೇಶ್ವರಿಯ ಪಟವಿತ್ತು. "ನಿಮ್ಮನ್ನ ಅವರ ದೇವರ ಕಡೆ ಕರೆದರಾ?"

"ಯಾವ ದೇವ್ರನ್ನ ನೋಡೋಕೂ ಮೊದ್ಲು ಕಣ್ಣು ಬೇಕಲ್ಲ ತಾಯಿ" ಎಂದು ಲಾಳಿ ಎಸೆದರು.

ಸ್ಟೆಲ್ಲಾ ಒಂದು ಫೈಲು ತೆರೆದು ತೋರಿಸಿದರು. ಚರ್ಚು ಕಚೇರಿಗೆ ಬರೆದ ಪತ್ರದ ಪ್ರತಿ ಅದರಲ್ಲಿತ್ತು. ನೇಕಾರರ ಕಣ್ಣನ್ನು ಮಗ್ಗದ ಮುಂದೆಯೇ ಪರೀಕ್ಷಿಸಬೇಕು ಎಂಬ ಕೋರಿಕೆ. ಜೊತೆಗೆ ಸಾಕ್ಷಿಯಾಗಿ ಅಷ್ಟೂ ಮಗ್ಗಗಳ ನೂಲುಗಳ ಇನ್ನೊಂದು ಕಟ್ಟು. ಬಂದ ಉತ್ತರ ಎರಡೇ ಸಾಲು: ಫಲಾನುಭವಿಗಳಿಗೆ ಕನ್ನಡಕ ವಿತರಿಸಲಾಗಿದೆ, ಆದ್ದರಿಂದ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ನೂಲುಗಳ ಬಗ್ಗೆ ಒಂದು ಅಕ್ಷರವೂ ಇಲ್ಲ.

"ಹೋಗಲಿ, ಉಳಿದ ಬೀದಿಗಳವರಿಗೂ ನೀವೇ ಕೊಟ್ಟುಬಿಡಬಹುದಲ್ಲ?" ಎಂದೆ.

"ನೀನು ಓದಿದ ಹುಡುಗಿ ತಾನೆ?" ಎಂದರು ಸ್ಟೆಲ್ಲಾ. "ಈ ಬೀದಿಗೆ ಕೊಟ್ಟೆವು. ಮುಂದಿನ ತಿಂಗಳು ಅದೇ ಕಾರ್ಡು ಆಚೆ ಬೀದಿಗೆ ಬರುತ್ತೆ. ಅಲ್ಲಿಯವರ ಪಾವು ಬಿಚ್ಚಿಕೊಂಡು ಹೋದ ಮೇಲೆ ನಾವು ಕನ್ನಡಕ ಹಿಡ್ಕೊಂಡು ಹಿಂದೆ ಓಡಬೇಕಾ? ನಮಗೆ ಬೇಕಾಗಿರೋದು ಕಾರ್ಡು ಬದಲಾಗೋದು."

ದಾನಕ್ಕೂ ನ್ಯಾಯಕ್ಕೂ ಇರುವ ವ್ಯತ್ಯಾಸದ ಬಗ್ಗೆ ನಾನು ವಿಶ್ವವಿದ್ಯಾಲಯದಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದೆ. ಇಷ್ಟು ಸ್ಪಷ್ಟವಾಗಿ ಬರೆದಿರಲಿಲ್ಲ.

ಸಂಜೆ ಮತ್ತೆ ನಂಜಮ್ಮನ ಮನೆಗೆ ಹೋದಾಗ ಮೊದಲಾಳಿ ಬಂದಿದ್ದ. ಹೊಸ ಕನ್ನಡಕದಲ್ಲಿ ನೇಯ್ದ ಮೊದಲ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚಿನ ಉದ್ದಕ್ಕೂ ಬೆರಳಾಡಿಸುತ್ತ ಹೋದ. ಸೆರಗಿನ ತುದಿಯವರೆಗೂ ಬಿಡಲಿಲ್ಲ. ನಂಜಮ್ಮ ಕನ್ನಡಕ ತೆಗೆದು ತಮ್ಮ ಸೆರಗಿನಿಂದ ಒರೆಸುತ್ತಲೇ ಇದ್ದರು.

"ಸರಿ" ಎಂದು ಅವನು ಮಡಿಸಿದ.

"ಏನು ಮೊದಲಾಳಿ, ಎದುರು ಮನೆಯವಳು ಕಾಯ್ತಾ ಇದ್ದಾಳೆ. ಪಾವು ಕೊಂಡೋಗಲ್ವಾ?"

"ಕಣ್ಣಾಡಿ ಬಂದ ಮೇಲೆ ನಿಂಗೆ ಬಾಯಿ ಜಾಸ್ತಿ ಆಯ್ತು" ಎಂದು ಅವನು ಮೆಟ್ಟಿಲಿಳಿದ.

ಒಂದು ಪಾವು ಉಳಿಯಿತು. ಆಚೆ ಬೀದಿಯದು?

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ ಹೀಗಿದೆ: ಮುಕ್ತಾಯವೆಂದು ಬರೆದ ಕಡತವನ್ನು ದಯವಿಟ್ಟು ತೆರೆಯಿರಿ. ಮುಂದಿನ ಶಿಬಿರಕ್ಕೆ ಮುನ್ನ ತಮ್ಮಲ್ಲೊಬ್ಬರು ಸಿರುಮುಗೈಗೆ ಬಂದು, ಗುಂಡಿಗೆ ಇಳಿದು ಕೂತು, ಕಣ್ಣಿಂದ ಹಣಿಗೆಗೆ ಎಷ್ಟು ದೂರವೆಂದು ಅಳೆಯಲಿ. ಆ ಅಳತೆಗೆ ತಕ್ಕಂತೆ ಪರೀಕ್ಷೆಯ ಕ್ರಮವನ್ನು ಬದಲಿಸಿ, ಬದಲಿಸಿದ್ದೀರೆಂದು ಚರ್ಚಿನ ಪತ್ರಕ್ಕೆ ಲಿಖಿತ ಉತ್ತರ ನೀಡಿ.

ತಮಗೆ ಕಳಿಸಿದ ನೂಲುಗಳು ಕಳೆದುಹೋಗಿದ್ದರೆ ಚಿಂತೆಯಿಲ್ಲ, ಇನ್ನೊಂದನ್ನು ನಂಜಮ್ಮ ಕತ್ತರಿಸಿ ಕೊಡುತ್ತಾರೆ.