ಮೈಮುನಾಬಿಯ ಕೈಗೆ ಬಂದ ಬಿಲ್ಲು

ಮಸ್ಕಿಯ ಗುಡ್ಡದಾಚೆ ಬೆಳಕು ಹರಿಯುವ ಹೊತ್ತಿಗೆ ಮೈಮುನಾಬಿಯ ಮನೆಯಲ್ಲಿ ಟಂಯ್, ಟಂಯ್ ಎಂದು ಬಿಲ್ಲು ಮಿಡಿಯುತ್ತದೆ. ಜಂತಿಗೆ ತೂಗುಬಿಟ್ಟ, ಹತ್ತಿ ಹಿಂಜುವ ಆಳೆತ್ತರದ ಬಿಲ್ಲು. ಮರದ ಕೊಡತಿಯಿಂದ ಹೆದೆ ಮೀಟಿದಂತೆಲ್ಲ ಹಳೆಯ ಗಾದಿಯ ಗಂಟುಗಟ್ಟಿದ ಹತ್ತಿ ಅರಳಿ ಹಾರುತ್ತದೆ. ಮೂಗು-ಬಾಯಿಗೆ ಸೆರಗು ಬಿಗಿದ ಆಕೆಯ ಹುಬ್ಬೆಲ್ಲ ಬೆಳ್ಳಗೆ.

ಈ ಬಿಲ್ಲು ಗಂಡ ಇಸ್ಮಾಯಿಲ್‌ಸಾಬರದು. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಊರು ಬಿಟ್ಟು ಹೋಗಿ ಮರಳಿದಾಗ ಮನೆಯಲ್ಲಿ ಉಳಿದಿದ್ದು ಇದೊಂದೇ. ಆಮೇಲೆ ಹತ್ತಿಯ ದೂಳು ಅವರ ಎದೆಗಿಳಿಯಿತು. ಉಬ್ಬಸ ಹೆಚ್ಚಿ ಕೈ ಸೋತಿತು. ಮೈಮುನಾಬಿ ಬಿಲ್ಲು ಹಿಡಿದಾಗ, ಹೆಂಗಸಿನ ಕೈಗೆ ಯಾರು ಹತ್ತಿ ಕೊಟ್ಟಾರು ಎಂದು ಬಳಗ ನಕ್ಕಿತು.

ಕೊಟ್ಟವರು ಬಳಗಾನೂರಿನ ಗುರುಲಿಂಗಮ್ಮ. ಮಗಳ ಬಾಣಂತನಕ್ಕೆ ಗಾದಿ ಬೇಕಾಗಿತ್ತು. ಆದರೆ ವಾರದೊಳಗೆ ಅದೇ ಗಾದಿ ಹೇರಿಕೊಂಡು ಅವರ ಬಂಡಿ ಬಾಗಿಲಿಗೆ ಬಂತು.

“ಬಂಡಿ ಕಂಡಕೂಡ್ಲೆ, ಇನ್ನ ಯಾರೂ ಹತ್ತಿ ಕೊಡಂಗಿಲ್ಲ ಅಂದ್ಕೊಂಡ್ನಿರಿ” ಎನ್ನುತ್ತಾರೆ ಮೈಮುನಾಬಿ.

“ಏನವಾ, ನನ್ನ ಮಗಳು ಗಾದಿ ಮ್ಯಾಲ ಮಲಗ್ಯಾಳೋ, ಕಲ್ಲಿನ ಮ್ಯಾಲೋ? ಬಿಚ್ಚು, ಮತ್ತ ಹಿಂಜು. ನಾ ಇಲ್ಲೇ ಕುಂದರ್ತೀನಿ” ಎಂದು ಗುರುಲಿಂಗಮ್ಮ ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಹೊರಗೆ ಹೊರಸಿನ ಮೇಲಿದ್ದ ಇಸ್ಮಾಯಿಲ್‌ಸಾಬರು ಬಿಲ್ಲಿನ ಸದ್ದು ಕೇಳಿಯೇ, “ಹೆದಿ ಸಡ್ಲ ಐತಿ, ಬಿಗಿ ಮಾಡು” ಎಂದು ಕೆಮ್ಮುತ್ತಲೇ ಹೇಳಿಕೊಟ್ಟರು. ಹೊತ್ತು ಮುಳುಗುವಾಗ ಗುರುಲಿಂಗಮ್ಮ ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿ ಬಂಡಿಗೆ ಹಾಕಿಸಿದರು.

“ಬೈದ್ರು, ಖರೆ. ಆದ್ರ ಬ್ಯಾರೆಯವ್ರ ಕಡೆ ಹೋಗಲಿಲ್ಲ. ತಿರುಗಿ ನನ್ನ ಬಾಗಿಲಿಗೇ ತಂದ್ರಲ್ಲ, ಅದೇನು ಸಣ್ಣ ಉಪಕಾರೇನ್ರೀ?”

ಈಗ ಜವಳಗೇರಾ, ಸಾಲಗುಂದದಿಂದಲೂ ಹತ್ತಿ ಬರುತ್ತದೆ. ಸುಗ್ಗಿ ಮುಗಿದು ಮದುವೆಗಳು ಶುರುವಾದರೆ ದಿನಕ್ಕೆ ಎರಡು ಗಾದಿ, ನಾಲ್ಕಾರು ತಲೆದಿಂಬು. ಭುಜ ನೋಯುತ್ತದೆ, ಗಂಡನ ಉಬ್ಬಸವಂತೂ ವಾಸಿಯಾಗುವಂಥದ್ದಲ್ಲ. “ರಾತ್ರಿ ಅವ್ರು ಕೆಮ್ಮದ ನಿದ್ದಿ ಮಾಡಿದ್ರ ಸಾಕು, ಮುಂಜಾನಿ ಬಿಲ್ಲು ಹಗುರ ಅನ್ನಿಸ್ತೈತ್ರಿ. ಇನ್ನೇನು ಬೇಡ್ಲಿ?”

ದೂಳು ತಾಗದಂತೆ ಬೇವಿನ ನೆರಳಲ್ಲಿ ಕುಳಿತ ಇಸ್ಮಾಯಿಲ್‌ಸಾಬರು ನಗುತ್ತಾರೆ. “ಮೊದ್ಲೆಲ್ಲಾ ಇಸ್ಮಾಯಿಲ್‌ಸಾಬನ ಮನಿ ಎಲ್ಲಿ ಅಂತಿದ್ರು. ಈಗ ನನ್ನ ಮುಂದ ನಿಂತು, ‘ಯಜಮಾನ್ರ, ಗಾದಿ ಮೈಮುನಾಬಿ ಮನಿ ಯಾವುದ್ರೀ?’ ಅಂತಾರ.”

ಬಿಲ್ಲಿನ ಸದ್ದು ಒಂದು ಗಳಿಗೆ ನಿಲ್ಲುತ್ತದೆ. “ಇದ ಮನಿ ಅಂತ ಹೇಳ್ರಿ ಮತ್ತ” ಎಂದು ಒಳಗಿನಿಂದ ದನಿ ಬರುತ್ತದೆ.