ದೀಪ ದೊಡ್ಡದಾದ ಸಂಜೆ

ಐದೂವರೆಗೆ ಹಾಸನ ಬಿಟ್ಟೆ. ನಮ್ಮೂರ ಸಂಜೆಪೇಟೆ ನೋಡಿ ವರ್ಷಗಳಾಗಿದ್ದವು. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟರು. ಹಾಸ್ಟೆಲಿನಲ್ಲಿದ್ದಾಗ ಇದೇ ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಕಾಸಿಲ್ಲದೆ ಎಷ್ಟೋ ಶನಿವಾರ ಅಲ್ಲೇ ಉಳಿದಿದ್ದೆ.

ಹೊಳೆನರಸೀಪುರದಲ್ಲಿ ಇಳಿದಾಗ ತುಂತುರು ಮಳೆ. ನಿಲ್ದಾಣದೆದುರು ಬೋಂಡ, ಗೋಬಿ, ಎಗ್‌ರೈಸ್ ಗಾಡಿಗಳ ಸಾಲು. ನಮ್ಮ ಕಾಲದಲ್ಲಿ ಕಡ್ಲೆಕಾಯಿ, ಹೂವು, ಅಷ್ಟೇ. ಬಟ್ಟೆ ಅಂಗಡಿಯ ಜಗಲಿಯಲ್ಲಿ ನಮ್ಮವ್ವ ಹೂವು ಮಾರುತ್ತಿದ್ದಳು, ಪಕ್ಕದಲ್ಲಿ ಲಕ್ಷ್ಮಮ್ಮ. ಅಂಗಡಿಯವರು ಹೊರಗೆ ಇಳಿಬಿಟ್ಟ ಒಂದು ಬಲ್ಬಿನಲ್ಲೇ ಇಬ್ಬರ ವ್ಯಾಪಾರ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಾಸಾದವಳು ನಾನು. ಆ ಸುದ್ದಿ ಕೇಳಿದ ಸಂಜೆ ಲಕ್ಷ್ಮಮ್ಮ ಮೊಳ ಹಾಕದೆಯೇ ನನ್ನ ಜಡೆ ತುಂಬ ಕನಕಾಂಬರ ಸುತ್ತಿದ್ದಳು. ಅವ್ವ ಈಗಿಲ್ಲ. ಲಕ್ಷ್ಮಮ್ಮ ಅಲ್ಲೇ ಕೂತಿದ್ದಳು.

"ಬಾ ಮಗಾ. ಇವತ್ತೇ ಕೊನೆ ಕಣವ್ವ," ಅಂದಳು. ನಾನು ಪಕ್ಕದಲ್ಲಿ ಕೂತೆ. ಬಟ್ಟೆ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂದಿತ್ತು. "ಇವ್ನು ಬಲ್ಬ್ ತಗುದ್ರೆ ನನ್ನತ್ರ ಯಾರ್ ಬತ್ತಾರೆ? ಕತ್ಲಾಗೆ ಹೂವ ಕೊಳ್ಳಾಕೆ ಜನಕ್ಕೇನ್ ಮೂಗೇ ಕಣ್ಣಾ?"

"ತೆಗೀತೀನಿ ಅಂದನಾ?"

"ಬಾಯ್ಬುಟ್ಟು ಅನ್ನಲಿಲ್ಲ. ಬೆಂಗ್ಳೂರಾಗೆ ಬೆಳ್ದೋನಂತೆ, ಬಂದಾಗಿಂದ ಬಲ್ಬನ್ನೇ ಗುರಾಯಿಸ್ತಾವ್ನೆ."

ಅಷ್ಟರಲ್ಲಿ ಅಂಗಡಿಯವನೇ ಹೊರಗೆ ಬಂದ. "ಅಜ್ಜಿ, ಈ ಬಲ್ಬು..."

ಲಕ್ಷ್ಮಮ್ಮ ಅವನ ಮಾತು ಮುಗಿಸಲು ಬಿಡಲಿಲ್ಲ. "ಗೊತ್ತು ಕಣಪ್ಪ. ದೀಪ ದೊಡ್ಡದು ಮಾಡ್ಬುಡು," ಅಂದು ಬುಟ್ಟಿ ಕಟ್ಟತೊಡಗಿದಳು.

ನಮ್ಮ ಕಡೆ ದೀಪ 'ಆರಿಸು' ಅನ್ನುವುದಿಲ್ಲ, ಅಪಶಕುನ. ಆರಿಸಬೇಕಾದಾಗ 'ದೊಡ್ಡದು ಮಾಡು' ಅನ್ನುತ್ತೇವೆ. ಬೆಂಗಳೂರಲ್ಲಿ ಬೆಳೆದ ಅವನಿಗೆ ಇದೆಲ್ಲಿ ಗೊತ್ತು?

"ನಾನೂ ಅದನ್ನೇ ಹೇಳೋಕೆ ಬಂದೆ ಅಜ್ಜಿ, ಇದು ತುಂಬಾ ಡಲ್ಲು," ಅಂದವನೇ ಒಳಗಿನಿಂದ ತೆಂಗಿನಕಾಯಿ ಗಾತ್ರದ ಎಲ್‌ಇಡಿ ಬಲ್ಬ್ ತಂದು, ಸ್ಟೂಲ್ ಹತ್ತಿ ಸಿಕ್ಕಿಸಿದ.

ಜಗಲಿ ಮದುವೆ ಮನೆಯಾಯಿತು. ಲಕ್ಷ್ಮಮ್ಮ ಬುಟ್ಟಿಯ ಗಂಟು ಹಿಡಿದುಕೊಂಡೇ ಕೂತುಬಿಟ್ಟಳು. ಅವನಿಗೆ ಅರ್ಥ ಬಿಡಿಸಿ ಹೇಳಲು ನಾನು ಬಾಯಿ ತೆರೆದೆ. ತೊಡೆ ಚಿವುಟಿದಳು.

"ಸುಮ್ಕಿರ್ತೀಯಾ? ಓದ್ಕೊಂಡವ್ಳೆ ದೊಡ್ಡದಾಗಿ!"

ಏಳೂವರೆ ಬಸ್ಸಿಗೆ ಎದ್ದಾಗ ಗಿರಾಕಿಗಳು ಸುತ್ತುವರಿದಿದ್ದರು. ಅವಳು ನನ್ನ ಕಿವಿಗೆ ಬಾಗಿ, "ವಸಿ ಕಮ್ಮಿ ಇದ್ದಿದ್ರೆ ಚೆಂದಾಗಿತ್ತು ಕಣವ್ವ. ನಿನ್ನೆ ಹೂವೂ ಕಾಣ್ತಾವೆ," ಅಂದಳು.

ಬಸ್ಸು ತಿರುಗುವಾಗ ಮತ್ತೆ ನೋಡಿದೆ. ಬಾಡಿದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಬೆನ್ನ ಹಿಂದಕ್ಕೆ ಎಸೆಯುತ್ತಿದ್ದಳು.